ಪದ ಎಲ್ಲಿಗೆ ಮುಗಿಯಿತು?

ಗದಗಿನ ವೀರನಾರಾಯಣ ಗುಡಿಗೆ ಹೋದವರಿಗೆ ಅಲ್ಲಿಯ ಒಂದು ಕಂಬವನ್ನು ತೋರಿಸಿ, ‘ಕುಮಾರವ್ಯಾಸ ಇಲ್ಲೇ ಕುಳಿತು ಭಾರತ ಬರೆದದ್ದು’ ಎಂದು ಹೇಳುವುದುಂಟು. ತನ್ನ ಕಾವ್ಯದ ಆರಂಭದಲ್ಲಿ ಆ ಕವಿ ತನ್ನ ಬಗ್ಗೆ ಕೆಲವು ಹೆಮ್ಮೆಯ ಮಾತುಗಳನ್ನು ಆಡಿಕೊಂಡಿದ್ದಾನೆ. ಹಲಗೆ ಬಳಪ ಹಿಡಿದು ಕರಡು ಮಾಡಿಕೊಂಡವನಲ್ಲವಂತೆ. ಒಮ್ಮೆ ಇಟ್ಟ ಪದವನ್ನು ಅಳಿಸಿದವನೂ ಅಲ್ಲವಂತೆ. ಮಕ್ಕಳಿಗೆ ಇದನ್ನು ಹೇಳಿದಾಗಲೆಲ್ಲ ಅವರ ಕಣ್ಣು ತಮ್ಮ ಕಂಪಾಸ್ ಪೆಟ್ಟಿಗೆಯೊಳಗಿನ ರಬ್ಬರಿನ ಕಡೆಗೆ ಹೋಗುತ್ತದೆ.

ನಾವು ಕುಮಾರವ್ಯಾಸರಲ್ಲ. ಬರೆಯುವುದಕ್ಕಿಂತ ಅಳಿಸುವುದೇ ಹೆಚ್ಚು. ಗಣಕಯಂತ್ರ ಬಂದ ಮೇಲಂತೂ ಒಂದು ಅಕ್ಷರ ಅಳಿಸಲು ಒಂದು ಗುಂಡಿ, ಒಂದು ಪದವನ್ನೇ ಅಳಿಸಲು ಇನ್ನೊಂದು ಗುಂಡಿ. ಆದರೆ ಆ ಯಂತ್ರಕ್ಕೆ ‘ಪದ’ ಎಂದರೆ ಏನೆಂದು ಹೇಳಿಕೊಟ್ಟವರು ಯಾರು? ಈ ಪ್ರಶ್ನೆ ನನಗೆ ಹೊಳೆದದ್ದು ಪುಸ್ತಕ ಓದಿ ಅಲ್ಲ, ಕೈ ಸುಟ್ಟುಕೊಂಡು.

ಒಂದು ಗುಂಡಿಯ ಅವಾಂತರ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪ್ರೌಢಶಾಲೆಯ ಕಂಪ್ಯೂಟರಿನಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗಳ ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಪ್ರಯೋಗದ ಚಿತ್ರಗಳನ್ನೆಲ್ಲ ಬೇರೆ ಬೇರೆ ಕಡತಕೋಶಗಳಲ್ಲಿ ಇಟ್ಟಿದ್ದೆ. ಎರಡರೊಳಗೂ ‘ಹಳೆಯದು’ ಎಂಬ ಒಂದೊಂದು ಕೋಶ ಇತ್ತು. ಜಾಗ ತುಂಬಿತ್ತು. ಹಳೆಯದನ್ನು ತೆಗೆದುಹಾಕೋಣವೆಂದು ಕರಿ ಪರದೆಯ ಮೇಲೆ ಆಜ್ಞೆ ಬರೆದೆ. ನಿಜವಾದ ಆಜ್ಞೆಯ ಹೆಸರು ‘ಆರ್‌ಎಂ’. ಇಲ್ಲಿ ಓದಲು ಸುಲಭವಾಗಲಿ ಎಂದು ಕನ್ನಡದಲ್ಲೇ ಬರೆದು ತೋರಿಸುತ್ತೇನೆ:

ಅಳಿಸು ಒಂಬತ್ತು/ಹಳೆಯದು ಹತ್ತು/ಹಳೆಯದು

ಎಂಟರ್ ಒತ್ತುವ ಮೊದಲು ಒಂದು ಯೋಚನೆ ಬಂತು. ಹತ್ತನೆಯವರ ಹಳೆಯ ಪತ್ರಿಕೆಗಳು ಪರೀಕ್ಷೆ ಮುಗಿಯುವವರೆಗೆ ಇರಲಿ, ಒಂಬತ್ತನೆಯದು ಮಾತ್ರ ಹೋಗಲಿ. ಮನೆಯ ಕಂಪ್ಯೂಟರಿನಲ್ಲಿ ಮಾಡುವ ರೂಢಿಯಂತೆ ಕಂಟ್ರೋಲ್ ಗುಂಡಿಯನ್ನು ಹಿಡಿದು ಡಬ್ಲ್ಯು ಒತ್ತಿದೆ. ಕೊನೆಯ ಪದ ಅಳಿಯುವುದು ಹೀಗೆ. ಮನೆಯಲ್ಲಿ ಆಗಿದ್ದರೆ ‘ಹತ್ತು/ಹಳೆಯದು’ ಎಂಬಷ್ಟೂ ಒಂದೇ ಪದವೆಂದು ಹೋಗುತ್ತಿತ್ತು. ಶಾಲೆಯಲ್ಲಿ ಹೋದದ್ದು ‘ಹಳೆಯದು’ ಮಾತ್ರ. ಸಾಲಿನಲ್ಲಿ ಉಳಿದದ್ದು ಇಷ್ಟು:

ಅಳಿಸು ಒಂಬತ್ತು/ಹಳೆಯದು ಹತ್ತು/

ನಾನು ನೋಡಲಿಲ್ಲ. ಎಂಟರ್ ಒತ್ತಿದೆ. ಒಂಬತ್ತನೆಯವರ ಹಳೆಯ ಕಡತಗಳ ಜೊತೆಗೆ ಹತ್ತನೇ ತರಗತಿಯ ಇಡೀ ಕೋಶವೇ ಹೋಯಿತು. ಕರಿ ಪರದೆಯಲ್ಲಿ ಹೀಗೆ ಅಳಿಸಿದ್ದು ಕಸದ ಬುಟ್ಟಿಗೂ ಬೀಳುವುದಿಲ್ಲ.

ಪೆನ್‌ಡ್ರೈವಿನಲ್ಲಿ ಎರಡು ತಿಂಗಳ ಹಿಂದಿನ ಒಂದು ಪ್ರತಿ ಇತ್ತು. ಆಮೇಲಿನ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ಕಾಗದದ ವಹಿಯಿಂದ ಮತ್ತೆ ಬರೆದು ತುಂಬಲು ಎರಡು ರಾತ್ರಿ ಬೇಕಾದವು. ಆ ವಹಿ ಇರದಿದ್ದರೆ ಮಕ್ಕಳ ಅಂಕಗಳ ಗತಿ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಯಂತ್ರವನ್ನು ರಜೆಯಲ್ಲಿ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಸರಿಮಾಡಿಕೊಟ್ಟಿದ್ದ. ಅವನಿಗೆ ಫೋನ್ ಹಚ್ಚಿ, “ತಮ್ಮಾ, ನಿನ್ನ ಮಷಿನ್ನು ನನಗ ಮೋಸ ಮಾಡ್ತಲ್ಲೋ” ಎಂದೆ. ಎಲ್ಲವನ್ನೂ ಕೇಳಿಕೊಂಡು ಅವನು ಸಮಾಧಾನದಿಂದ ಹೇಳಿದ: “ಸರ್, ಅದೇನೂ ತಪ್ಪು ಮಾಡಿಲ್ರಿ. ನೀವು ಒಂದು ಪದ ಅಳಿಸು ಅಂದ್ರಿ, ಅದು ಒಂದು ಪದ ಅಳಿಸ್ತು. ಪದ ಅಂದ್ರ ಏನು ಅನ್ನೋದು ಮಾತ್ರ ನಿಮಗೊಂದು, ಅದಕ್ಕೊಂದು ಇತ್ತು.”

ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಶಿಷ್ಯನಿಂದ ಕಲಿತ ಪಾಠ ಅದು.

ಶೇಂಗಾದ ಸಿಪ್ಪೆ, ಒಳಗಿನ ತಿರುಳು

ವಿದ್ಯಾರ್ಥಿಮಿತ್ರರೇ, ಕರಿ ಪರದೆಯಲ್ಲಿ ನಾವು ಬರೆದ ಆಜ್ಞೆಯನ್ನು ಓದಿ ಯಂತ್ರಕ್ಕೆ ತಿಳಿಸುವ ತಂತ್ರಾಂಶಕ್ಕೆ ‘ಶೆಲ್’ ಎನ್ನುತ್ತಾರೆ. ಶೆಲ್ ಎಂದರೆ ಸಿಪ್ಪೆ. ಅದರ ಒಳಗೆ ನಿಜವಾದ ಕೆಲಸ ಮಾಡುವ ಭಾಗಕ್ಕೆ ‘ಕರ್ನೆಲ್’ ಎಂದು ಹೆಸರು. ಕರ್ನೆಲ್ ಎಂದರೆ ತಿರುಳು. ನಮ್ಮ ಮುಂಡರಗಿ, ಶಿರಹಟ್ಟಿ ಕಡೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಹಿಡಿ ಶೇಂಗಾ ಸುಲಿದರೆ ಸಾಕು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆಯ ವಂಶದಲ್ಲಿ ಇಂಥ ಶೆಲ್‌ಗಳು ಹಲವು ಬಂದವು. ಬ್ರಯಾನ್ ಫಾಕ್ಸ್ 1989ರಲ್ಲಿ ಹೊರತಂದ ‘ಬ್ಯಾಶ್’ ಲಿನಕ್ಸ್ ಯಂತ್ರಗಳಲ್ಲಿ ಮನೆಮಾತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಪಾಲ್ ಫಾಲ್‌ಸ್ಟಾಡ್ 1990ರಲ್ಲಿ ಬರೆದದ್ದು ‘ಜೆಡ್ ಶೆಲ್’. ಆಪಲ್ ಕಂಪನಿಯು 2019ರಿಂದ ತನ್ನ ಮ್ಯಾಕ್ ಯಂತ್ರಗಳಲ್ಲಿ ಬ್ಯಾಶ್ ಬದಲಿಗೆ ಇದನ್ನೇ ಮುಂದಿಟ್ಟಿದೆ. ನನ್ನ ಮನೆಯ ಯಂತ್ರದಲ್ಲಿದ್ದದ್ದು ಬ್ಯಾಶ್. ಶಾಲೆಯಲ್ಲಿ ನನ್ನ ಶಿಷ್ಯ ಹಾಕಿದ್ದು ಜೆಡ್ ಶೆಲ್.

ಎಂಟರ್ ಒತ್ತುವವರೆಗೆ ಆ ಸಾಲು ನಮ್ಮ ಹಲಗೆ ಇದ್ದ ಹಾಗೆ. ಹಿಂದೆ ಮುಂದೆ ಓಡಾಡಬಹುದು, ತಿದ್ದಬಹುದು, ಅಳಿಸಬಹುದು. ಒಂದೊಂದೇ ಅಕ್ಷರ ದಾಟುವ ಬದಲು ಪದದಿಂದ ಪದಕ್ಕೆ ಜಿಗಿಯಬಹುದು. ಜಿಗಿಯಬೇಕಾದರೆ ಎಲ್ಲಿ ಕಾಲೂರಬೇಕು ಎಂಬುದು ಶೆಲ್‌ಗೆ ಗೊತ್ತಿರಬೇಕು. ಅದಕ್ಕೊಂದು ನಿಯಮ ಬೇಕು.

ಗದಗ-ಬೆಟಗೇರಿ: ಒಂದೋ, ಎರಡೋ?

ಒಂದು ಉದಾಹರಣೆ ನೋಡೋಣ. ‘ಗದಗ-ಬೆಟಗೇರಿ’ ಎಂದು ಬರೆಯುತ್ತೇವೆ. ಇದು ಒಂದು ಪದವೋ, ಎರಡೋ? ನೂಲು ನೇಯುವ ಬೆಟಗೇರಿಯವರನ್ನು ಕೇಳಿದರೆ ತಮ್ಮ ಊರೇ ಬೇರೆ ಎಂದಾರು. ಆಡಳಿತದ ಕಾಗದಪತ್ರಗಳಲ್ಲಿ ನೋಡಿದರೆ ನಡುವೆ ಕಿರುಗೆರೆ ಇಟ್ಟ ಒಂದೇ ಅವಳಿ ನಗರ. ಇಬ್ಬರೂ ಸರಿ. ಕಿರುಗೆರೆಯನ್ನು ಗೋಡೆ ಎನ್ನುತ್ತೀರೋ, ಸೇತುವೆ ಎನ್ನುತ್ತೀರೋ ಎಂಬುದರ ಮೇಲೆ ಉತ್ತರ ನಿಂತಿದೆ.

ಬ್ಯಾಶ್‌ನಲ್ಲಿ ಈ ಎರಡು ಉತ್ತರಗಳಿಗೂ ಒಂದೊಂದು ಗುಂಡಿ ಇದೆ. ಕಂಟ್ರೋಲ್ ಮತ್ತು ಡಬ್ಲ್ಯು ಒತ್ತಿದರೆ, ಹಿಂದಿನ ಖಾಲಿ ಜಾಗ ಸಿಗುವವರೆಗೆ ಇರುವುದೆಲ್ಲ ಒಂದೇ ಪದ. ಗದಗವೂ ಹೋಗುತ್ತದೆ, ಬೆಟಗೇರಿಯೂ ಹೋಗುತ್ತದೆ. ಆಲ್ಟ್ ಹಿಡಿದು ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಮತ್ತು ಅಂಕಿಗಳಿಗೆ ಮಾತ್ರ ಪದದಲ್ಲಿ ಪ್ರವೇಶ. ಕಿರುಗೆರೆ ಗೋಡೆಯಾಗುತ್ತದೆ, ಬೆಟಗೇರಿ ಅಳಿದು ‘ಗದಗ-’ ಉಳಿಯುತ್ತದೆ.

ಜೆಡ್ ಶೆಲ್‌ನ ದಾರಿ ಬೇರೆ. ಅದು ಒಂದು ಪಟ್ಟಿ ಇಟ್ಟುಕೊಂಡಿದೆ. ಅದರ ಹೆಸರು ‘ವರ್ಡ್‌ಚಾರ್ಸ್’, ಅಂದರೆ ಪದದ ಅಕ್ಷರಗಳು. ಅಕ್ಷರ, ಅಂಕಿಗಳು ಹೇಗೂ ಪದದೊಳಗೆ ಸೇರಿದವೇ. ಅವುಗಳ ಜೊತೆಗೆ ಇನ್ನೂ ಯಾವ ಯಾವ ಚಿಹ್ನೆಗಳನ್ನು ಒಳಗೆ ಬಿಡಬೇಕು ಎಂಬುದು ಆ ಪಟ್ಟಿಯಲ್ಲಿದೆ. ಮದುವೆ ಮನೆಯಲ್ಲಿ ಬಾಗಿಲಿಗೆ ನಿಂತವರ ಕೈಯಲ್ಲಿ ಹೆಸರಿನ ಪಟ್ಟಿ ಇದ್ದಂತೆ. ಮೊದಲೇ ಬರೆದಿಟ್ಟ ಪಟ್ಟಿಯಲ್ಲಿ ಕಿರುಗೆರೆ, ಅಡಿಗೆರೆ, ಚುಕ್ಕೆ, ಓರೆಗೆರೆ, ಆವರಣ ಚಿಹ್ನೆಗಳು ಇವೆ. ಅಲ್ಪವಿರಾಮ, ವಿವರಣ ಚಿಹ್ನೆ, ಮಿಂಚಂಚೆ ವಿಳಾಸದ ನಡುವೆ ಬರುವ ಸುರುಳಿ ಚಿಹ್ನೆ, ಉದ್ಧರಣ ಚಿಹ್ನೆಗಳು ಇಲ್ಲ. ಆದ್ದರಿಂದ ಅಲ್ಲಿ ‘ಹತ್ತು/ಹಳೆಯದು’ ಒಂದೇ ಪದ. ಮಿಂಚಂಚೆ ವಿಳಾಸ ಮಾತ್ರ ಎರಡು ತುಂಡು.

ಈ ಪಟ್ಟಿಯನ್ನು ನಾವೇ ತಿದ್ದಬಹುದು ಎಂಬುದು ಇದರ ಸೊಗಸು. ನನ್ನ ಶಿಷ್ಯ ಮಾಡಿದ್ದೂ ಅದನ್ನೇ. ಪಟ್ಟಿಯಿಂದ ಓರೆಗೆರೆಯೊಂದನ್ನು ತೆಗೆದಿದ್ದ. ಕೋಶದೊಳಗೆ ಕೋಶ, ಅದರೊಳಗೆ ಕಡತ ಎಂದು ಉದ್ದಕ್ಕೆ ಬರೆಯುವವರಿಗೆ ಇದು ದೊಡ್ಡ ಅನುಕೂಲ. ಕೊನೆಯ ಹೆಸರು ತಪ್ಪಿದರೆ ಅದೊಂದನ್ನೇ ಅಳಿಸಿ ಮತ್ತೆ ಬರೆಯಬಹುದು. ಅವನಿಗೆ ಅನುಕೂಲವಾದದ್ದು ನನಗೆ ಗಂಡಾಂತರವಾಯಿತು. ನಿಯಮ ಬದಲಾದದ್ದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಪಟ್ಟಿ ತಿದ್ದುವುದು ಬೇಡವೆನ್ನುವವರಿಗೆ ಜೆಡ್ ಶೆಲ್‌ನಲ್ಲಿ ಸಿದ್ಧ ಶೈಲಿಗಳೂ ಇವೆ. ಒಂದು ಶೈಲಿಯಲ್ಲಿ ಅಕ್ಷರ ಅಂಕಿಗಳು ಮಾತ್ರ ಪದ. ಇನ್ನೊಂದರಲ್ಲಿ ಖಾಲಿ ಜಾಗವೇ ಎಲ್ಲೆ. ಮತ್ತೊಂದರಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಖಾಲಿ ಜಾಗ ಇದ್ದರೂ ಅಷ್ಟೂ ಸೇರಿ ಒಂದು ಪದ. ಬ್ಯಾಶ್‌ನಲ್ಲಿ ಹೀಗೆ ಪಟ್ಟಿ ಇಲ್ಲವಾದರೂ, ಯಾವ ಗುಂಡಿಗೆ ಯಾವ ನಿಯಮ ಎಂಬುದನ್ನು ಬದಲಿಸಬಹುದು; ಖಾಲಿ ಜಾಗ ಮತ್ತು ಓರೆಗೆರೆ ಎರಡನ್ನೂ ಎಲ್ಲೆ ಎಂದು ಎಣಿಸುವ ನಿಯಮವೂ ಅಲ್ಲಿದೆ. ಇವೆಲ್ಲವನ್ನೂ ಬರೆದಿಡುವುದು ನಮ್ಮ ‘ಮನೆ’ ಕೋಶದಲ್ಲಿರುವ, ಚುಕ್ಕೆಯಿಂದ ಹೆಸರು ಆರಂಭವಾಗುವ, ಮೇಲ್ನೋಟಕ್ಕೆ ಕಾಣದ ಪುಟ್ಟ ಕಡತಗಳಲ್ಲಿ. ಹುಡುಕಿದರೆ ಸಿಗುತ್ತವೆ.

ಇನ್ನೊಂದು ಉಪಯೋಗದ ಮಾತು. ತಪ್ಪಿ ಪದ ಅಳಿದರೆ ಗಾಬರಿ ಬೇಡ. ಕಂಟ್ರೋಲ್ ಹಿಡಿದು ವೈ ಒತ್ತಿದರೆ ಅಳಿದದ್ದು ಎರಡೂ ಶೆಲ್‌ಗಳಲ್ಲಿ ವಾಪಸು ಬರುತ್ತದೆ. ಆದರೆ ಎಂಟರ್ ಒತ್ತುವ ಮುಂಚೆ ಮಾತ್ರ!

ಕಲ್ಲಿನ ಮೇಲೆ ಖಾಲಿ ಜಾಗ ಇಲ್ಲ

ಇಷ್ಟು ಕೇಳಿದ ಮೇಲೆ, ‘ಯಂತ್ರಕ್ಕೆ ಬುದ್ಧಿ ಇಲ್ಲ, ನಮಗಾದರೆ ಪದ ಯಾವುದೆಂದು ಗೊತ್ತು’ ಎನ್ನಬಹುದು. ನಿಜವಾಗಿ ಗೊತ್ತೇ?

ಲಕ್ಷ್ಮೇಶ್ವರಕ್ಕೆ ಹೋಗಿ. ಇದೇ ಹಿಂದಿನ ಪುಲಿಗೆರೆ. ಪಂಪ 941ರ ಹೊತ್ತಿಗೆ ತನ್ನ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ, ತನ್ನ ಭಾಷೆ ಪುಲಿಗೆರೆಯ ತಿರುಳುಗನ್ನಡ ಎಂದು ಹೇಳಿಕೊಂಡ. ಅದಕ್ಕೂ ಮೊದಲೇ ‘ಕವಿರಾಜಮಾರ್ಗ’ವು ಒಳ್ಳೆಯ ಕನ್ನಡದ ಸೀಮೆಗಳಲ್ಲಿ ಪುಲಿಗೆರೆಯನ್ನು ಎಣಿಸಿತ್ತು. ಈ ಸೀಮೆಯ ಹಳೆಯ ಶಾಸನಗಳ ಎದುರು ನಿಂತು ನೋಡಿದರೆ, ಅಕ್ಷರದ ಹಿಂದೆ ಅಕ್ಷರ ಸಾಲಾಗಿ ನಡೆದಿರುತ್ತದೆ. ಪದ ಪದಗಳ ನಡುವೆ ಇಂದಿನಂತೆ ಖಾಲಿ ಜಾಗ ಇರುವುದಿಲ್ಲ. ಕಲ್ಲಿನ ಅಂಚು ಬಂದಲ್ಲಿ ಪದದ ನಡುವೆಯೇ ಸಾಲು ಮುರಿಯುತ್ತದೆ. ತಾಳೆಗರಿಗಳಲ್ಲೂ ಇದೇ ಪದ್ಧತಿ. ಅಂದರೆ ಕಂಟ್ರೋಲ್-ಡಬ್ಲ್ಯು ನಿಯಮದ ಪ್ರಕಾರ ಇಡೀ ಶಾಸನವೇ ಒಂದು ಪದ!

ಎಲ್ಲಿ ಮುರಿಯಬೇಕೆಂಬುದನ್ನು ಓದುವವನ ನಾಲಿಗೆ ಮತ್ತು ಬುದ್ಧಿ ತೀರ್ಮಾನಿಸುತ್ತಿದ್ದವು. ‘ರಾಮನಮನ’ ಎಂದು ಕೂಡಿಸಿ ಬರೆದುಕೊಡಿ. ಒಬ್ಬ ‘ರಾಮನ ಮನ’ ಎಂದು ಓದುತ್ತಾನೆ, ಇನ್ನೊಬ್ಬ ‘ರಾಮ, ನಮನ’ ಎಂದು ಕೈ ಮುಗಿಯುತ್ತಾನೆ. ಅಕ್ಷರಗಳು ಅವೇ, ಎಲ್ಲೆ ಬೇರೆ, ಅರ್ಥ ಬೇರೆ.

ಖಾಲಿ ಜಾಗ ಬಿಟ್ಟು ಬರೆಯುವ ಇಂದಿನ ಕನ್ನಡದಲ್ಲೂ ತಕರಾರು ಮುಗಿದಿಲ್ಲ. ‘ಮನೆಯಲ್ಲಿದ್ದಾನೆಂದು’ ಎಂಬುದನ್ನು ಯಂತ್ರ ಒಂದು ಪದ ಎಂದು ಎಣಿಸುತ್ತದೆ. ಕನ್ನಡ ಮಾಸ್ತರರು ಮನೆಯಲ್ಲಿ, ಇದ್ದಾನೆ, ಎಂದು ಎಂಬ ಮೂರು ಪದಗಳನ್ನು ಬಿಡಿಸಿ ತೋರಿಸಿ, ಸಂಧಿ ಯಾವುದು ಎಂದು ಕೇಳುತ್ತಾರೆ. ಪದವೆಂಬುದು ಹೊಲದ ಬದುವಿನ ಹಾಗೆ. ನೆಲ ಒಂದೇ, ಬದು ಹಾಕಿದವರು ನಾವು.

ಐದು ಊರು, ಹದಿನಾಲ್ಕು ತುಂಡು

ಬದು ಹಾಕುವವರು ನಮ್ಮ ಹೊಲವನ್ನು ನೋಡದೆಯೇ ಹಾಕಿದರೆ ಏನಾಗುತ್ತದೆ? ಪೈಥಾನ್ ಭಾಷೆ ಕಲಿಯುತ್ತಿರುವ ವಿದ್ಯಾರ್ಥಿಗಳು ಇದನ್ನು ತಾವೇ ನೋಡಬಹುದು. ಪಠ್ಯದಲ್ಲಿ ಪದಗಳನ್ನು ಹುಡುಕಲು ಅಲ್ಲಿ ಒಂದು ಸಿದ್ಧ ಗುರುತು ಇದೆ: ಹಿಂಬದಿಯ ಓರೆಗೆರೆ, ಅದರ ಮುಂದೆ ಸಣ್ಣ ಡಬ್ಲ್ಯು. ಪೈಥಾನ್‌ನ ಜೊತೆಗೇ ಬರುವ ಹುಡುಕಾಟದ ಸಾಧನದಲ್ಲಿ ಅದರ ಅರ್ಥ, ‘ಅಕ್ಷರ, ಅಂಕಿ ಅಥವಾ ಅಡಿಗೆರೆ’ ಎಂದು. ಇಂಗ್ಲಿಷಿಗೆ ಇಷ್ಟು ಸಾಕು. ಕನ್ನಡಕ್ಕೆ ಸಾಲದು. ಏಕೆಂದರೆ ಗಣಕದ ಲೆಕ್ಕದಲ್ಲಿ ‘ಕಿ’ ಎಂಬುದು ಒಂದು ಅಕ್ಷರವಲ್ಲ. ‘ಕ’ ಎಂಬ ಅಕ್ಷರ, ಅದರ ಮೇಲೆ ಗುಡಿಸು ಎಂಬ ಗುರುತು. ಗುಡಿಸು, ಕೊಂಬು, ಏತ್ವ, ಸೊನ್ನೆ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರ ಚಿಹ್ನೆ, ಇವೆಲ್ಲ ‘ಗುರುತು’ಗಳು, ‘ಅಕ್ಷರ’ಗಳ ಪಂಕ್ತಿಯಲ್ಲಿ ಅವಕ್ಕೆ ಎಲೆ ಹಾಕಿಲ್ಲ. ಪ್ರತಿಯೊಂದು ಗುರುತಿನ ಬಳಿಯೂ ಪೈಥಾನ್ ‘ಪದ ಮುಗಿಯಿತು’ ಎಂದುಬಿಡುತ್ತದೆ.

ನಮ್ಮ ಊರುಗಳ ಹೆಸರು ಕೊಟ್ಟರೆ ಬರುವ ಉತ್ತರ ಇದು:

ಗದಗ: ಗದಗ
ಬೆಟಗೇರಿ: ಬ, ಟಗ, ರ
ಲಕ್ಷ್ಮೇಶ್ವರ: ಲಕ, ಷ, ಮ, ಶ, ವರ
ಶಿರಹಟ್ಟಿ: ಶ, ರಹಟ, ಟ
ಮುಂಡರಗಿ: ಮ, ಡರಗ

ಐದು ಊರು ಹದಿನಾಲ್ಕು ತುಂಡಾದವು. ಗುಣಿತವೂ ಒತ್ತೂ ಇಲ್ಲದ ಗದಗ ಒಂದೇ ಇಡಿಯಾಗಿ ಉಳಿಯಿತು. ಮಗುವೊಂದು ತನ್ನ ಊರಿನ ಹೆಸರನ್ನು ಹುಡುಕಿ ಎಣಿಸುವ ಮೊದಲ ಪ್ರೋಗ್ರಾಂ ಬರೆದಾಗ ಈ ಉತ್ತರ ಬಂದರೆ, ‘ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ’ ಎಂದೋ, ‘ನನಗೇ ತಿಳಿಯುವುದಿಲ್ಲ’ ಎಂದೋ ಅದು ಕೈಚೆಲ್ಲಬಹುದು. ಎರಡೂ ತಪ್ಪು. ಕನ್ನಡ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಇದೆ; ಅದಕ್ಕೆ 128 ಸ್ಥಾನಗಳ ಒಂದು ಸಾಲನ್ನೇ ಮೀಸಲಿಟ್ಟಿದ್ದಾರೆ. ಗುರುತುಗಳನ್ನು ಅವುಗಳ ಹಿಂದಿನ ಅಕ್ಷರದಿಂದ ಕಡಿಯಬಾರದು ಎಂದು ಪದದ ಎಲ್ಲೆಗಳ ಬಗ್ಗೆ ಯೂನಿಕೋಡ್ ಕೊಟ್ಟಿರುವ ಸೂತ್ರವೂ ಹೇಳುತ್ತದೆ. ಸಿದ್ಧ ಗುರುತಿನ ಬದಲು ‘ಈ 128 ಸ್ಥಾನಗಳಲ್ಲಿ ಬರುವುದೆಲ್ಲ ಪದದ ಭಾಗ’ ಎಂದು ಪ್ರೋಗ್ರಾಂನಲ್ಲಿ ಬರೆದರೆ ಐದು ಊರುಗಳೂ ಐದಾಗಿಯೇ ನಿಲ್ಲುತ್ತವೆ. ಶೆಲ್‌ನ ಪಟ್ಟಿಯಲ್ಲಿ ನನ್ನ ಶಿಷ್ಯ ಮಾಡಿದ ಕೆಲಸವೇ ಇದು: ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಹೇಳುವುದು.

ಇದು ಬರಿಯ ಚಮತ್ಕಾರದ ಮಾತಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ನಾಡಿಗೆಲ್ಲ ಹೆಸರಾದದ್ದು. ಕಣ್ಣು ಕಾಣದವರು ಗಣಕವನ್ನು ಕಿವಿಯಿಂದ ಬಳಸುತ್ತಾರೆ. ಪದದಿಂದ ಪದಕ್ಕೆ ಜಿಗಿಯುತ್ತ, ಯಂತ್ರ ಓದಿ ಹೇಳಿದ್ದನ್ನು ಕೇಳುತ್ತಾರೆ. ಪ್ರೋಗ್ರಾಂ ಬರೆದವನು ಲಕ್ಷ್ಮೇಶ್ವರವನ್ನು ಐದು ತುಂಡು ಮಾಡಿದ್ದರೆ, ಅವರ ಕಿವಿಗೆ ಬೀಳುವುದು ಊರಿನ ಹೆಸರಲ್ಲ, ಐದು ಚೂರು.

ಒಂದು ಸಣ್ಣ ಪ್ರಯೋಗ

ವಿಜ್ಞಾನದ ಮಾಸ್ತರನಾದ್ದರಿಂದ ಪ್ರಯೋಗ ಕೊಡದೆ ಮುಗಿಸಲಾರೆ. ಲಿನಕ್ಸ್ ಅಥವಾ ಮ್ಯಾಕ್ ಯಂತ್ರವಿದ್ದರೆ ಕರಿ ಪರದೆ ತೆರೆಯಿರಿ. ಒಂದು ಸಾಲಿನಲ್ಲಿ ಗದಗ-ಬೆಟಗೇರಿ, ಇನ್ನೊಂದರಲ್ಲಿ ಶಿರಹಟ್ಟಿ/ಮುಂಡರಗಿ, ಮತ್ತೊಂದರಲ್ಲಿ ಲಕ್ಷ್ಮೇಶ್ವರ ಎಂದು ಬರೆಯಿರಿ. ಎಂಟರ್ ಒತ್ತಬೇಡಿ. ಗುಂಡಿ ಒತ್ತುವ ಮೊದಲೇ ಎಷ್ಟು ಅಳಿಯುತ್ತದೆಂದು ವಹಿಯಲ್ಲಿ ಊಹೆ ಬರೆಯಿರಿ. ಆಮೇಲೆ ಕಂಟ್ರೋಲ್-ಡಬ್ಲ್ಯು, ನಂತರ ಆಲ್ಟ್-ಬ್ಯಾಕ್‌ಸ್ಪೇಸ್ ಒತ್ತಿ ನೋಡಿ, ಕಂಡದ್ದನ್ನು ಊಹೆಯ ಪಕ್ಕದಲ್ಲಿ ಬರೆಯಿರಿ. ಗೆಳೆಯನ ಯಂತ್ರದಲ್ಲಿ ಮತ್ತೆ ಮಾಡಿ. ಉತ್ತರ ಬೇರೆ ಬಂದರೆ ತಪ್ಪು ಯಾರದೆಂದು ಹುಡುಕಬೇಡಿ, ನಿಯಮ ಯಾವುದೆಂದು ಹುಡುಕಿ. ಒಂದು ಎಚ್ಚರಿಕೆ: ಅಂತರಜಾಲ ನೋಡುವ ಕಿಟಕಿಯಲ್ಲಿ ಕಂಟ್ರೋಲ್-ಡಬ್ಲ್ಯು ಒತ್ತಿದರೆ ನೋಡುತ್ತಿದ್ದ ಪುಟವೇ ಮುಚ್ಚಿಹೋಗುವುದುಂಟು. ಅಲ್ಲಿ ಆ ಗುಂಡಿಗೆ ಬೇರೆಯೇ ಅರ್ಥ.

ಪಾಲಕರಿಗೂ ಒಂದು ಮಾತು. ಮಗ ಅಥವಾ ಮಗಳು ಕರಿ ಪರದೆಯ ಮುಂದೆ ಕುಳಿತು ಏನನ್ನೋ ತಿದ್ದುತ್ತಿದ್ದರೆ, ಹೊತ್ತು ಹಾಳು ಮಾಡುತ್ತಿದ್ದಾರೆಂದು ಎಬ್ಬಿಸಬೇಡಿ. ಏನು ಬದಲಿಸಿದೆ, ಏಕೆ ಬದಲಿಸಿದೆ ಎಂದು ಕೇಳಿ. ವಿವರಿಸಲು ಬಂದರೆ ಕಲಿತಿದ್ದಾರೆ ಎಂದರ್ಥ. ಮತ್ತೊಬ್ಬರೂ ಬಳಸುವ ಯಂತ್ರವಾದರೆ, ಬದಲಿಸಿದ್ದನ್ನು ಅವರಿಗೆ ಹೇಳಬೇಕು ಎಂಬುದನ್ನೂ ಕಲಿಸಿ. ನನ್ನ ಶಿಷ್ಯ ಈಗ ಹಾಗೆಯೇ ಮಾಡುತ್ತಾನೆ. ಶಾಲೆಯ ಕಂಪ್ಯೂಟರಿನ ಅಂಚಿಗೆ ಅವನೇ ಒಂದು ಚೀಟಿ ಅಂಟಿಸಿದ್ದಾನೆ: ‘ಇಲ್ಲಿ ಓರೆಗೆರೆ ಬಂದರೆ ಪದ ಮುಗಿಯಿತು.’

ಅದರ ಕೆಳಗೆ ನಾನೊಂದು ಸಾಲು ಸೇರಿಸಿದ್ದೇನೆ: ‘ಎಂಟರ್ ಒತ್ತುವ ಮುನ್ನ ಒಮ್ಮೆ ಓದು.’